ಆಮ್ಲಜನಕ ಸಂವೇದಕ ಮತ್ತು ನನ್ನ ತಪ್ಪು ಉತ್ತರ

ತರಗತಿ: 10
ಘಟಕ: ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು
ಕಲಿಕಾಂಶ: ಉತ್ಕರ್ಷಣ, ದಹನ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಪೀಣ್ಯದ ಒಂದು ಪ್ರೌಢಶಾಲೆ. ಹಲವು ಮಕ್ಕಳ ಮನೆಯವರು ಕಾರ್ಖಾನೆ, ಗ್ಯಾರೇಜುಗಳಲ್ಲಿ ದುಡಿಯುವವರು. ಆದ್ದರಿಂದ ದಹನಕ್ಕೆ ಮೇಣದ ಬತ್ತಿಯ ಬದಲು ವಾಹನದ ಆಮ್ಲಜನಕ ಸಂವೇದಕವನ್ನು ಉದಾಹರಣೆಯಾಗಿ ಆರಿಸಿಕೊಂಡೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಬೈಕು, ಸ್ಕೂಟರುಗಳಲ್ಲೂ ಇದು ಸಾಮಾನ್ಯವಾಗಿದೆ.

ಸಂವೇದಕದ ತುದಿಯಲ್ಲಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿ; ಅದರ ಎರಡೂ ಮೈಗೆ ಪ್ಲಾಟಿನಂ ಲೇಪ. ಒಂದು ಮೈಗೆ ಎಂಜಿನ್ನಿನ ಹೊಗೆ, ಇನ್ನೊಂದಕ್ಕೆ ಹೊರಗಿನ ಗಾಳಿ ತಾಗುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಾಗ, ಎರಡು ಕಡೆಯ ಆಮ್ಲಜನಕದ ವ್ಯತ್ಯಾಸದಿಂದ ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಸುಮಾರು 0.1 ವೋಲ್ಟ್; ತೀರಿಹೋಗಿದ್ದರೆ 0.8ರಿಂದ 0.9. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಬಂದರೂ ವೋಲ್ಟೇಜ್ ಏರುತ್ತದೆ. ಅವು ಪ್ಲಾಟಿನಂ ಮೇಲೆ ಉತ್ಕರ್ಷಣೆಗೊಂಡು ಅಲ್ಲಿದ್ದ ಆಮ್ಲಜನಕವನ್ನು ಬಳಸಿಬಿಡುತ್ತವೆ.

ಗ್ಯಾರೇಜಿನಿಂದ ತಂದ ಹಳೆಯ ಸಂವೇದಕವನ್ನು ಇಕ್ಕಳದಲ್ಲಿ ಹಿಡಿದು, ಮಕ್ಕಳನ್ನು ದೂರ ನಿಲ್ಲಿಸಿ, ಗ್ಯಾಸ್ ಟಾರ್ಚಿನ ಜ್ವಾಲೆಯೊಳಗಿಟ್ಟೆ. ಕಾದ ಮೇಲೆ ಮಲ್ಟಿಮೀಟರ್ 0.8 ದಾಟಿತು. ಹೊರತೆಗೆದ ಕೂಡಲೇ ಇಳಿಯಿತು. “ಬಿಸಿಗೆ ಕರೆಂಟು ಬಂತು ಮಿಸ್” ಎಂದಳೊಬ್ಬಳು. “ತುದಿ ಇನ್ನೂ ಬಿಸಿಯಾಗೇ ಇದೆಯಲ್ಲ, ಮತ್ತೆ ಯಾಕೆ ಇಳಿಯಿತು?” ಎಂದು ಕೇಳಿದೆ. ಜ್ವಾಲೆಯೊಳಗೆ ಆಮ್ಲಜನಕ ಉಳಿದಿರಲಿಲ್ಲ ಎಂಬುದನ್ನು ಅವರೇ ಹೇಳಿದರು.

ಆಗ ಮೆಕ್ಯಾನಿಕ್ ಒಬ್ಬರ ಮಗ ಎದ್ದು ನಿಂತ. “ಪ್ಲಗ್ ಕಿಡಿ ಕೊಡದೆ ಪೆಟ್ರೋಲ್ ಹಾಗೇ ಹೊರಗೆ ಬಂದರೆ ಮೀಟರ್ ಏನು ತೋರಿಸುತ್ತೆ ಮಿಸ್?” ಪೆಟ್ರೋಲ್ ಹೆಚ್ಚಿದೆ, ಆದ್ದರಿಂದ ವೋಲ್ಟೇಜ್ ಹೆಚ್ಚು ಎಂದುಬಿಟ್ಟೆ. ಹುಡುಗ ಸುಮ್ಮನೆ ಕೂತ, ಒಪ್ಪಿದಂತೆ ಕಾಣಲಿಲ್ಲ.

ರಾತ್ರಿ ಯೋಚಿಸಿದಾಗ ತಪ್ಪು ಹೊಳೆಯಿತು. ಉರಿಯದಿದ್ದರೆ ಪೆಟ್ರೋಲಿನ ಜೊತೆ ಗಾಳಿಯ ಆಮ್ಲಜನಕವೂ ಹಾಗೇ ಹೊರಬರುತ್ತದೆ. ಅಷ್ಟನ್ನೂ ಪ್ಲಾಟಿನಂ ಲೇಪ ಬಳಸಲಾರದು. ಸಂವೇದಕ ಪೆಟ್ರೋಲನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಅಳೆಯುತ್ತದೆ; ಆದ್ದರಿಂದ ವೋಲ್ಟೇಜ್ ಕಡಿಮೆ. ಮರುದಿನ ಕಪ್ಪುಹಲಗೆಯ ಮೇಲೆ ನನ್ನ ಉತ್ತರವನ್ನೇ ಬರೆದು, “ಇದರಲ್ಲಿ ತಪ್ಪು ಹುಡುಕಿ” ಎಂದೆ. ಅದೇ ಹುಡುಗ ಹೇಳಿದ: “ಉರಿಯದಿದ್ದ ಮೇಲೆ ಆಮ್ಲಜನಕ ಖರ್ಚೇ ಆಗಿಲ್ಲ. ಪೆಟ್ರೋಲ್ ಸಾಲದು ಅಂತ ಗಾಡಿ ಇನ್ನಷ್ಟು ಸುರಿಯುತ್ತೆ. ಅದಕ್ಕೇ ಮೈಲೇಜ್ ಬರಲ್ಲ.”

ನನ್ನ ಪಾಠಯೋಜನೆಯ ಮೌಲ್ಯಮಾಪನ ಭಾಗದಲ್ಲಿ ಐದು ಪ್ರಶ್ನೆಗಳಿದ್ದವು. ಆರನೆಯದಾಗಿ ಅವನ ಪ್ರಶ್ನೆಯನ್ನು ಸೇರಿಸಿದ್ದೇನೆ.