3 + 4 × 2 = 14 ಎನ್ನುವ ಭಾಷೆ

ಮಕ್ಕಳೇ, 3 + 4 × 2 ಎಷ್ಟು? 11 ಎಂದು ತಕ್ಷಣ ಹೇಳುತ್ತೀರಿ. ಮೊದಲು ಗುಣಾಕಾರ, ಆಮೇಲೆ ಸಂಕಲನ ಎಂದು ಗಣಿತ ಪಾಠದಲ್ಲಿ ಕಲಿತಿದ್ದೀರಿ. ನಿಮ್ಮ ಉತ್ತರ ಸರಿ. ಆದರೆ ಸ್ಮಾಲ್‌ಟಾಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದನ್ನೇ ಟೈಪ್ ಮಾಡಿದರೆ ಪರದೆಯ ಮೇಲೆ 14 ಎಂದು ಬರುತ್ತದೆ! (ಕಂಪ್ಯೂಟರಿನಲ್ಲಿ × ಬದಲು * ಚಿಹ್ನೆ ಒತ್ತಬೇಕು, ಅಷ್ಟೆ.) ಹಾಗಾದರೆ ಕಂಪ್ಯೂಟರಿಗೆ ಲೆಕ್ಕ ಬಾರದೇ? ಬರುತ್ತದೆ. ಆದರೆ ಈ ಭಾಷೆ ಲೆಕ್ಕವನ್ನು ಓದುವ ರೀತಿಯೇ ಬೇರೆ.

ಸ್ಮಾಲ್‌ಟಾಕ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. (ಹೌದು, ನಾವು ಕಾಗದದ ಪ್ರತಿ ತೆಗೆಸುವಾಗ ಹೇಳುತ್ತೇವಲ್ಲ, ಅದೇ ಜೆರಾಕ್ಸ್.) ಅಲನ್ ಕೇ, ಡಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ಮಕ್ಕಳೂ ತಾವೇ ಪ್ರೋಗ್ರಾಂ ಬರೆಯುವಂತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಅಲನ್ ಕೇ ಕಾಲೇಜಿನಲ್ಲಿ ಗಣಿತದ ಜೊತೆಗೆ ಜೀವವಿಜ್ಞಾನವನ್ನೂ ಓದಿದವರು. ನಮ್ಮ ದೇಹದ ಜೀವಕೋಶಗಳನ್ನು ನೆನಪಿಸಿಕೊಳ್ಳಿ. ಪ್ರತಿಯೊಂದಕ್ಕೂ ತನ್ನದೇ ಹೊದಿಕೆ ಇದೆ, ಒಳಗೆ ತನ್ನದೇ ಕೆಲಸ ಇದೆ. ಒಂದು ಕೋಶ ಇನ್ನೊಂದಕ್ಕೆ ರಾಸಾಯನಿಕಗಳ ಮೂಲಕ ಸುದ್ದಿ ಮುಟ್ಟಿಸುತ್ತದೆ. ಪ್ರೋಗ್ರಾಂ ಕೂಡ ಹೀಗೇ ಇರಬಾರದೇಕೆ ಎಂದು ಅವರು ಯೋಚಿಸಿದರು.

ಆದ್ದರಿಂದ ಸ್ಮಾಲ್‌ಟಾಕ್‌ನಲ್ಲಿ ಎಲ್ಲವೂ ಒಂದೊಂದು 'ವಸ್ತು'. ಪರದೆಯ ಮೇಲಿನ ಚಿತ್ರ ಒಂದು ವಸ್ತು, ನಿಮ್ಮ ಹೆಸರಿನ ಅಕ್ಷರಗಳೂ ವಸ್ತುಗಳೇ. 3 ಎಂಬ ಸಂಖ್ಯೆಯೂ ವಸ್ತು! ವಸ್ತುವಿನಿಂದ ಕೆಲಸ ಮಾಡಿಸಬೇಕಾದರೆ ಅದಕ್ಕೊಂದು 'ಸಂದೇಶ' ಕಳಿಸಬೇಕು. ಅದು ಕೆಲಸ ಮಾಡಿ ಉತ್ತರವಾಗಿ ಒಂದು ವಸ್ತುವನ್ನು ಕೊಡುತ್ತದೆ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಶಾಲೆಯ ಅಂಗಳ ಸಾಕು. 1ರಿಂದ 20ರವರೆಗೆ ಸಂಖ್ಯೆ ಬರೆದ ಚೀಟಿಗಳನ್ನು ಇಪ್ಪತ್ತು ಮಕ್ಕಳು ಎದೆಗೆ ಸಿಕ್ಕಿಸಿಕೊಳ್ಳಿ. ಒಬ್ಬರು ಅಂಚೆಯಣ್ಣ ಆಗಲಿ. ಅಂಚೆಯಣ್ಣ '+ 4' ಎಂದು ಬರೆದ ಚೀಟಿಯನ್ನು 3ಕ್ಕೆ ಕೊಡುತ್ತಾನೆ. 3 ಮನಸ್ಸಿನಲ್ಲೇ ಕೂಡಿ 7ರತ್ತ ಕೈ ತೋರಿಸುತ್ತದೆ. ಮುಂದಿನ ಚೀಟಿ '* 2'. ಅದು ಯಾರಿಗೆ ಸೇರಬೇಕು? ಈಗ ಉತ್ತರವಾಗಿ ನಿಂತಿರುವ 7ಕ್ಕೆ. 7 ತನ್ನನ್ನು ಎರಡರಿಂದ ಗುಣಿಸಿ 14ರತ್ತ ಕೈ ತೋರಿಸುತ್ತದೆ. ಚಿಹ್ನೆಯ ಸಂದೇಶಗಳು ಎಡದಿಂದ ಬಲಕ್ಕೆ, ಬಂದ ಸಾಲಿನಲ್ಲೇ ತಲಪುತ್ತವೆ. ಸರದಿ ಬಿಟ್ಟು ಗುಣಾಕಾರ ಮುಂದೆ ನುಗ್ಗುವಂತಿಲ್ಲ.

11 ಬೇಕಾದರೆ ಆವರಣ ಹಾಕಬೇಕು: 3 + (4 * 2). ಈಗ ಅಂಚೆಯಣ್ಣ 3ರ ಬಳಿ ಹೋಗಲು ಬಂದರೆ ಚೀಟಿಯೇ ಸಿದ್ಧವಿಲ್ಲ. ಮೊದಲು 4ರ ಬಳಿ ಹೋಗಿ 8 ಪಡೆದು, '+ 8' ಎಂದು ಬರೆದುಕೊಂಡು ಬರಬೇಕು. ಗುಣಾಕಾರ ಮೊದಲು ಎಂಬುದು ಎಲ್ಲರೂ ಒಂದೇ ಉತ್ತರಕ್ಕೆ ಬರಲಿ ಎಂದು ಗಣಿತಜ್ಞರು ಮಾಡಿಕೊಂಡ ಒಪ್ಪಂದ. ಸ್ಮಾಲ್‌ಟಾಕ್‌ನವರು ಬೇರೆ ಒಪ್ಪಂದ ಮಾಡಿಕೊಂಡರು. (ಪರೀಕ್ಷೆಯಲ್ಲಿ ಮಾತ್ರ 14 ಬರೆಯಬೇಡಿ, ಅಂಕ ಸಿಗದು!)

ಪದದ ಸಂದೇಶಗಳೂ ಇವೆ. ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. 5ಕ್ಕೆ 'ಫ್ಯಾಕ್ಟೋರಿಯಲ್' ಎಂಬ ಸಂದೇಶ ಕಳಿಸಿದರೆ ಅದು 5 × 4 × 3 × 2 × 1 ಗುಣಿಸಿ 120 ಎನ್ನುತ್ತದೆ. 100ಕ್ಕೆ ಕಳಿಸಿ ನೋಡಿ, 158 ಅಂಕಿಗಳ ಸಂಖ್ಯೆ ಬರುತ್ತದೆ! 3ಕ್ಕೆ 'ಹಾರು' ಎಂದರೆ? ಈ ಸಂದೇಶ ನನಗೆ ಅರ್ಥವಾಗದು ಎಂಬ ಸೂಚನೆ ಬರುತ್ತದೆ. ಯಾವ ಸಂದೇಶ ಅರ್ಥವಾಗುತ್ತದೆ ಎಂಬುದು ಆ ವಸ್ತುವಿನ 'ಕ್ಲಾಸ್'ನಲ್ಲಿ ಬರೆದಿರುತ್ತದೆ. ಇದು ಏಳನೇ ಕ್ಲಾಸ್, ಎಂಟನೇ ಕ್ಲಾಸ್ ಅಲ್ಲ. ಆಮೆ ಎಂಬ ಕ್ಲಾಸ್ ಮಾಡಿ, 'ಮುಂದೆ ಹೋಗು' ಎಂದರೆ ಏನು ಮಾಡಬೇಕೆಂದು ಒಮ್ಮೆ ಬರೆದಿಟ್ಟರೆ, ಅದರಿಂದ ನೂರು ಆಮೆಗಳನ್ನು ಮಾಡಬಹುದು. ನಡಿಗೆ ಎಲ್ಲಕ್ಕೂ ಒಂದೇ, ಆದರೆ ತಾನೆಲ್ಲಿದ್ದೇನೆ, ತನ್ನ ಬಣ್ಣ ಯಾವುದು ಎಂಬುದನ್ನು ಪ್ರತಿ ಆಮೆಯೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ.

1996ರಲ್ಲಿ ಸ್ಕ್ವೀಕ್ ಎಂಬ ಉಚಿತ ಸ್ಮಾಲ್‌ಟಾಕ್ ಬಂತು. ಕಿತ್ತಳೆ ಬಣ್ಣದ ಬೆಕ್ಕಿನ 'ಸ್ಕ್ರ್ಯಾಚ್' ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 2007ರಲ್ಲಿ ಬಿಡುಗಡೆಯಾದ ಅದರ ಮೊದಲ ಆವೃತ್ತಿಯನ್ನು ಈ ಸ್ಕ್ವೀಕ್‌ನಲ್ಲೇ ಬರೆದಿದ್ದರು.

ಸ್ಮಾಲ್‌ಟಾಕ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದರ ಭಿನ್ನರಾಶಿ. 1 / 3 ಎಂದು ಕೇಳಿದರೆ 0.333... ಎಂದು ಉದ್ದ ಬಾಲ ತೋರಿಸುವುದಿಲ್ಲ, 1/3 ಎಂದೇ ಹೇಳುತ್ತದೆ. (1 / 3) + (1 / 6) ಎಂದರೆ 1/2 ಎಂದು ಉತ್ತರಿಸುತ್ತದೆ. ಈಗ ಆವರಣಗಳನ್ನು ತೆಗೆದು 1 / 3 + 1 / 6 ಎಂದಷ್ಟೇ ಬರೆದರೆ ಏನು ಬರುತ್ತದೆ? ಅಂಚೆಯಣ್ಣನ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತಾ ಲೆಕ್ಕ ಮಾಡಿ. 2/9 ಬಂದರೆ ನೀವು ದಾರಿ ತಪ್ಪಿಲ್ಲ.