ಅಲ್ಪ ಬೆಲೆಯ ಸಿ.ಡಿ. ಯಂತ್ರವೂ ಶ್ರವಣಸುಖವೂ

ಸಿ.ಡಿ. ಅಥವಾ ಸಾಂದ್ರಮುದ್ರಿಕೆಯನ್ನು ನುಡಿಸುವ ಯಂತ್ರಗಳು ಇಂದು ಅನೇಕ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕಪಾಟಿನ ಮೂಲೆಯನ್ನು ಸೇರಿವೆ. ಕಡಿಮೆ ಬೆಲೆಗೆ ಕೊಂಡ ಯಂತ್ರವಾದುದರಿಂದ ಅದರ ನಾದವೂ ಕೀಳಾಗಿಯೇ ಇರಬೇಕೆಂದು ಹಲವರು ಭಾವಿಸುತ್ತಾರೆ. ಕೆಲವರು ಅದನ್ನು ಗುಜರಿಗೆ ಹಾಕುತ್ತಾರೆ. ಮತ್ತೆ ಕೆಲವರು ಅದರೊಳಗಿನ ಬಿಡಿಭಾಗಗಳನ್ನು ಬದಲಿಸಲು ಯಂತ್ರದ ಬೆಲೆಗಿಂತ ಹೆಚ್ಚು ಹಣವನ್ನು ವ್ಯಯಮಾಡುತ್ತಾರೆ. ಈ ಎರಡು ಮಾರ್ಗಗಳೂ ವಿಚಾರಪೂರ್ವಕವಾದವುಗಳಲ್ಲ. ಯಂತ್ರವು ಮಾಡುವ ಕಾರ್ಯವೇನು, ಅದರಲ್ಲಿ ದುರ್ಬಲವಾದ ಭಾಗ ಯಾವುದು, ಎಲ್ಲಿ ಹಾಕಿದ ಹಣವು ಕಿವಿಗೆ ಫಲ ಕೊಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸುವುದು ಯುಕ್ತ.

ಮುದ್ರಿಕೆಯ ಸ್ವರೂಪ

ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಸಂಸ್ಥೆಗಳು ಕೂಡಿ ೧೯೮೦ರಲ್ಲಿ ಈ ಮುದ್ರಿಕೆಯ ನಿಯಮಗಳನ್ನು ಗೊತ್ತುಪಡಿಸಿದವು. ೧೯೮೨ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಅದು ಮಾರಾಟಕ್ಕೆ ಬಂದಿತು. ೧೨ ಸೆಂಟಿಮೀಟರ್ ವ್ಯಾಸದ ಈ ತಟ್ಟೆಯ ಮೇಲೆ ಧ್ವನಿಯ ಅಲೆ ಇರುವುದಿಲ್ಲ. ಅಲೆಯ ಅಳತೆಗಳು ಮಾತ್ರ ಇರುತ್ತವೆ. ಪ್ರತಿಯೊಂದು ವಾಹಿನಿಯ ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನು ೧೬ ಬಿಟ್‌ಗಳ ಸಂಖ್ಯೆಯಾಗಿ ಬರೆಯಲಾಗಿರುತ್ತದೆ. ಮನುಷ್ಯನ ಕಿವಿಯು ಕೇಳಬಲ್ಲ ಅತ್ಯುಚ್ಚ ಧ್ವನಿ ಸುಮಾರು ೨೦,೦೦೦ ಕಂಪನಗಳದ್ದು. ಒಂದು ಕಂಪನವನ್ನು ಸರಿಯಾಗಿ ಹಿಡಿದಿಡಲು ಅದರ ಇಮ್ಮಡಿಗಿಂತ ಹೆಚ್ಚು ಅಳತೆಗಳು ಬೇಕಾಗುವುದರಿಂದ ಈ ಸಂಖ್ಯೆ ಸಾಕಾಗುತ್ತದೆ.

ಈ ಸಂಖ್ಯೆಗಳು ಸುರುಳಿಯಾಕಾರದ ಸಾಲಿನಲ್ಲಿ ಸೂಕ್ಷ್ಮವಾದ ಕುಳಿಗಳ ರೂಪದಲ್ಲಿವೆ. ಸಾಲಿನಿಂದ ಸಾಲಿಗೆ ಇರುವ ಅಂತರ ೧.೬ ಮೈಕ್ರಾನ್. ಕಣ್ಣಿಗೆ ಕಾಣದ ಲೇಸರ್ ಕಿರಣವು ಇವುಗಳನ್ನು ಓದುತ್ತದೆ. ಗೀರು ಬಿದ್ದು ಕೆಲವು ಅಂಕಿಗಳು ನಷ್ಟವಾದರೂ, ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು ೧೯೬೦ರಲ್ಲಿ ಪ್ರಕಟಿಸಿದ ವಿಧಾನವನ್ನು ಆಧರಿಸಿ ಯಂತ್ರವು ಅವುಗಳನ್ನು ಮರಳಿ ಕಂಡುಹಿಡಿಯುತ್ತದೆ. ಸಾಲಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಪೂರ್ಣವಾಗಿ ಸರಿಪಡಿಸುವ ಶಕ್ತಿ ಇದಕ್ಕುಂಟು. ಆದುದರಿಂದ ಮುದ್ರಿಕೆ ಸುಸ್ಥಿತಿಯಲ್ಲಿದ್ದರೆ ಅಗ್ಗದ ಯಂತ್ರವೂ ದುಬಾರಿ ಯಂತ್ರವೂ ಓದುವ ಸಂಖ್ಯೆಗಳು ಒಂದೇ. ಮುದ್ರಿಕೆಯ ಅಂಚಿಗೆ ಹಸಿರು ಶಾಯಿ ಬಳಿದರೆ ನಾದವು ಉತ್ತಮಗೊಳ್ಳುವುದೆಂಬ ನಂಬಿಕೆಯೊಂದು ಹಿಂದೆ ಹರಡಿತ್ತು. ಸಂಖ್ಯೆಗಳೇ ಬದಲಾಗದಿರುವಾಗ ಶಾಯಿಯಿಂದ ನಾದವು ಬದಲಾಗಲಾರದೆಂಬುದು ಸ್ಪಷ್ಟ.

ಹದಿನಾಲ್ಕು ಬಿಟ್‌ಗಳ ಪಾಠ

ಬೆಲೆಗಿಂತ ವಿಧಾನವು ಮುಖ್ಯವೆಂಬುದಕ್ಕೆ ಈ ಯಂತ್ರದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಸಂಖ್ಯೆಗಳನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಭಾಗಕ್ಕೆ ಡ್ಯಾಕ್ ಎಂದು ಹೆಸರು. ಸೋನಿ ಸಂಸ್ಥೆಯ ಮೊದಲ ಯಂತ್ರದಲ್ಲಿ ೧೬ ಬಿಟ್‌ಗಳ ಡ್ಯಾಕ್ ಇದ್ದಿತು. ಫಿಲಿಪ್ಸ್ ಸಂಸ್ಥೆಯ ಬಳಿ ಸಿದ್ಧವಿದ್ದುದು ೧೪ ಬಿಟ್‌ಗಳದು ಮಾತ್ರ. ಅಲ್ಲಿಯ ತಂತ್ರಜ್ಞರು ಎದೆಗುಂದದೆ, ಸಂಖ್ಯೆಗಳ ಪ್ರವಾಹವನ್ನು ನಾಲ್ಕು ಪಟ್ಟು ಹೆಚ್ಚಿಸಿ ಸೆಕೆಂಡಿಗೆ ೧,೭೬,೪೦೦ ಮಾಡಿದರು. ಇದರಿಂದ ಪರಿವರ್ತನೆಯ ಕಾಲದಲ್ಲಿ ಹುಟ್ಟುವ ಗೊಜ್ಜುಧ್ವನಿಯ ಹೆಚ್ಚಿನ ಪಾಲು ಕಿವಿಗೆ ನಿಲುಕದ ಎತ್ತರಕ್ಕೆ ಸರಿಯಿತು. ಕೇಳಿಬರುವ ಫಲವು ೧೬ ಬಿಟ್‌ಗಳ ಯಂತ್ರಕ್ಕೆ ಸಮಾನವಾಗಿ ನಿಂತಿತು. ಇರುವ ಸಾಧನವನ್ನು ಬುದ್ಧಿಯಿಂದ ಬಳಸಿದರೆ ಕೊರತೆಯೂ ತುಂಬುತ್ತದೆಂಬುದು ಇಲ್ಲಿಯ ಪಾಠ.

ದುರ್ಬಲವಾದ ಭಾಗಗಳು

ಹಾಗಾದರೆ ಅಗ್ಗದ ಯಂತ್ರದಲ್ಲಿ ಉಳಿತಾಯವು ಎಲ್ಲಿ ನಡೆದಿರುತ್ತದೆ? ಬಹುಮಟ್ಟಿಗೆ ವಿದ್ಯುತ್ ಪೂರೈಕೆಯ ಭಾಗದಲ್ಲಿ, ಡ್ಯಾಕಿನ ಮುಂದಿನ ಧ್ವನಿಮಂಡಲದಲ್ಲಿ ಮತ್ತು ತಟ್ಟೆಯನ್ನು ಒಳಗೆಳೆದುಕೊಳ್ಳುವ ಪ್ಲಾಸ್ಟಿಕ್ ಜೋಡಣೆಯಲ್ಲಿ. ವಿದ್ಯುತ್ ಪೂರೈಕೆಯಲ್ಲಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ವರ್ಷಗಳ ಕಾವಿನಿಂದ ಒಳಗೊಳಗೇ ಒಣಗುತ್ತವೆ. ಆಗ ಹಾಡಿನ ಹಿಂದೆ ಗುಂಯ್‌ಗುಡುವಿಕೆ ಕೇಳತೊಡಗುತ್ತದೆ. ಧ್ವನಿಮಂಡಲದ ಚಿಪ್ಪುಗಳ ವಿಷಯ ಬೇರೆ. ೫೫೩೨ ಎಂಬ ಸಂಖ್ಯೆಯ ಅಗ್ಗದ ಚಿಪ್ಪು ಧ್ವನಿಮುದ್ರಣಾಲಯಗಳ ದೊಡ್ಡ ಯಂತ್ರಗಳಲ್ಲಿಯೂ ವ್ಯಾಪಕವಾಗಿ ಬಳಕೆಯಾಗಿದೆ. ಹಾಡು ಮುದ್ರಣವಾಗುವಾಗಲೇ ಅಂಥ ಅನೇಕ ಚಿಪ್ಪುಗಳನ್ನು ದಾಟಿ ಬಂದಿರುವಲ್ಲಿ, ಮನೆಯ ಯಂತ್ರದ ಒಂದು ಚಿಪ್ಪನ್ನು ಕಿತ್ತು ದುಬಾರಿಯಾದುದನ್ನು ಕೂಡಿಸುವುದರಿಂದ ದೊರೆಯುವ ಲಾಭ ಅತ್ಯಲ್ಪ.

ಸುಧಾರಣೆಯ ಕ್ರಮ

ಮೊದಲನೆಯದು ಶುಚಿತ್ವ. ಮುದ್ರಿಕೆಯನ್ನು ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ಒರೆಸಿದರೆ ಸಾಲಿನುದ್ದಕ್ಕೂ ಗೀರು ಬೀಳುವ ಭಯವಿದೆ. ಲೇಸರಿನ ಮಸೂರವನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ತೇವಗೊಳಿಸಿದ ಹತ್ತಿಯಿಂದ ಹಗುರವಾಗಿ ಒರೆಸಬೇಕು. ಹಾಡು ನಡುವೆ ನಿಲ್ಲುವ, ಹಾರುವ ಯಂತ್ರಗಳಲ್ಲಿ ಎಷ್ಟೋ ಇಷ್ಟರಿಂದಲೇ ಸರಿಹೋಗುತ್ತವೆ.

ಎರಡನೆಯದು ದುರಸ್ತಿ. ಗುಂಯ್‌ಗುಡುವಿಕೆ ಇದ್ದರೆ ಕೆಪಾಸಿಟರುಗಳನ್ನು ಬದಲಿಸಬೇಕು. ಹೊಸದರ ಮೈಕ್ರೋಫ್ಯಾರಡ್ ಮೌಲ್ಯ ಹಳೆಯದರಷ್ಟೇ ಇರಬೇಕು. ವೋಲ್ಟೇಜು ಅಷ್ಟೇ ಅಥವಾ ಹೆಚ್ಚಿರಬೇಕು. ೧೦೫ ಡಿಗ್ರಿ ಕಾವನ್ನು ತಾಳುವಂಥದಾದರೆ ಲೇಸು. ಧನ-ಋಣ ತುದಿಗಳು ಅದಲುಬದಲಾಗಕೂಡದು. ಪ್ಲಗ್ಗನ್ನು ಕಿತ್ತ ಮೇಲೆಯೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಮುಚ್ಚಳ ತೆರೆದ ಯಂತ್ರವನ್ನು ನಡೆಯಿಸಿ ಲೇಸರಿನತ್ತ ನೋಡುವುದು ಕಣ್ಣಿಗೆ ಅಪಾಯಕರ. ಈ ಕೆಲಸವನ್ನು ಬಲ್ಲವರಿಂದಲೇ ಮಾಡಿಸಬೇಕು.

ಮೂರನೆಯದು ಹೊರಗಿನ ಡ್ಯಾಕ್. ಅಗ್ಗದ ಡಿ.ವಿ.ಡಿ. ಯಂತ್ರಗಳಲ್ಲಿಯೂ ಅನೇಕ ವೇಳೆ ಸಂಖ್ಯೆಗಳನ್ನು ಹಾಗೆಯೇ ಹೊರಗೆ ಕೊಡುವ ಒಂದು ರಂಧ್ರವಿರುತ್ತದೆ. ಅದು ೭೫ ಓಮ್ ತಂತಿಯದಿರಬಹುದು, ಅಥವಾ ತೋಷಿಬಾ ಸಂಸ್ಥೆ ೧೯೮೩ರಲ್ಲಿ ಬಳಕೆಗೆ ತಂದ ಬೆಳಕಿನ ತಂತುವಿನದಿರಬಹುದು. ಅದನ್ನು ಪ್ರತ್ಯೇಕವಾದ ಡ್ಯಾಕಿಗೆ ಸೇರಿಸಿದರೆ ಹಳೆಯ ಯಂತ್ರವು ಕೇವಲ ಓದುಗನಾಗಿ ಉಳಿಯುತ್ತದೆ; ಅದರ ಧ್ವನಿಮಂಡಲದ ದೋಷವು ಬದಿಗೆ ಸರಿಯುತ್ತದೆ. ಯಂತ್ರದ ಒಳಭಾಗವನ್ನು ಮುಟ್ಟದೆ ಮಾಡಬಹುದಾದ ಸುಧಾರಣೆ ಇದು.

ನಾಲ್ಕನೆಯದು ಸ್ಪೀಕರ್ ಮತ್ತು ಕೊಠಡಿ. ಹೆಚ್ಚಿನ ಫಲವು ಇಲ್ಲಿಯೇ ಇದೆ. ಸುಸ್ಥಿತಿಯ ಸಿ.ಡಿ. ಯಂತ್ರವು ಕೇಳುವ ಸ್ವರಗಳೆಲ್ಲವನ್ನೂ ಒಂದು ಡೆಸಿಬೆಲ್ಲಿನ ಅಲ್ಪಾಂಶದ ವ್ಯತ್ಯಾಸದೊಳಗೆ ಕೊಡುತ್ತದೆ. ಕೊಠಡಿಯಲ್ಲಿಟ್ಟ ಸ್ಪೀಕರಿನಲ್ಲಿ ಅದೇ ವ್ಯತ್ಯಾಸವು ಹಲವು ಡೆಸಿಬೆಲ್ಲುಗಳಷ್ಟಾಗುತ್ತದೆ. ಮೂಲೆಗೆ ಒತ್ತಿಟ್ಟ ಸ್ಪೀಕರಿನಲ್ಲಿ ಮಂದ್ರಸ್ವರಗಳು ಉಬ್ಬಿ, ಗಾಯಕನ ಮಾತು ಮಸುಕಾಗುತ್ತದೆ. ಎರಡು ಸ್ಪೀಕರುಗಳೂ ಕೇಳುವವನೂ ಸಮಭುಜ ತ್ರಿಕೋನದ ಮೂರು ತುದಿಗಳಲ್ಲಿರುವಂತೆ, ಸಣ್ಣ ಸ್ಪೀಕರಿನ ಬಾಯಿ ಕಿವಿಯ ಎತ್ತರಕ್ಕೆ ಬರುವಂತೆ ಇರಿಸಬೇಕು. ಬರಿಯ ಗೋಡೆ ಮತ್ತು ಕಲ್ಲುನೆಲದ ಪ್ರತಿಧ್ವನಿಯನ್ನು ಜಮಖಾನೆ, ಪರದೆ, ಪುಸ್ತಕದ ಕಪಾಟುಗಳು ತಗ್ಗಿಸುತ್ತವೆ. ಇದಕ್ಕೆ ತಗಲುವ ವೆಚ್ಚ ಬಹುತೇಕ ಶ್ರಮ ಮಾತ್ರ.

ಯಂತ್ರಕ್ಕೆ ಮೀರಿದ ಮಿತಿಯೂ ಒಂದುಂಟು. ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨) ಯೌವನದಲ್ಲಿ ಹಾಡಿದ ೭೮ ಸುತ್ತಿನ ತಟ್ಟೆಗಳಂಥ ಹಳೆಯ ಮುದ್ರಣಗಳನ್ನು ಸಿ.ಡಿ.ಗೆ ಇಳಿಸಿದಾಗ ಮುಳ್ಳಿನ ಸವೆತದ ಸದ್ದೂ ಜೊತೆಗೆ ಬರುತ್ತದೆ. ಅದನ್ನು ಯಂತ್ರದ ದೋಷವೆಂದು ಎಣಿಸಲಾಗದು.

ಪರೀಕ್ಷೆಯ ರೀತಿ

ಹಣ ತೆತ್ತವನ ಕಿವಿಗೆ ಸುಧಾರಣೆ ಕೇಳಿಸಿಯೇ ಕೇಳಿಸುತ್ತದೆ. ಇದು ಮನಸ್ಸಿನ ಸ್ವಭಾವ. ಇನ್ನೊಂದು ತೊಡಕೆಂದರೆ, ಎರಡು ಯಂತ್ರಗಳಲ್ಲಿ ತುಸು ಗಟ್ಟಿಯಾಗಿ ನುಡಿಯುವುದೇ ಉತ್ತಮವೆಂದು ತೋರುತ್ತದೆ. ಆದುದರಿಂದ ಒಂದೇ ಪರೀಕ್ಷಾಸ್ವರವನ್ನು ನುಡಿಸಿ, ವೋಲ್ಟ್‌ಮೀಟರಿನಿಂದ ಎರಡರ ಮಟ್ಟವನ್ನೂ ಸಮಗೊಳಿಸಬೇಕು. ಅನಂತರ ಯಾವ ಯಂತ್ರವು ನುಡಿಯುತ್ತಿದೆಯೆಂದು ತಿಳಿಸದೆ ಹತ್ತು ಸಲ ಗುರುತಿಸಲು ಕೇಳಬೇಕು. ಬರಿಯ ಊಹೆಯಿಂದ ಒಂಬತ್ತು ಅಥವಾ ಹತ್ತು ಸರಿಯುತ್ತರಗಳು ಬರುವ ಸಂಭವ ೧,೦೨೪ರಲ್ಲಿ ೧೧ ಮಾತ್ರ. ಅಷ್ಟು ಸರಿಯಾದರೆ ವ್ಯತ್ಯಾಸವು ನಿಜವೆನ್ನಬಹುದು. ಐದಾರು ಸರಿಯಾದರೆ ನಾಣ್ಯ ಚಿಮ್ಮಿದಂತಾಯಿತು.

ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗವು ಇಂಥದೇ. ಸಿ.ಡಿ.ಗಿಂತ ಹೆಚ್ಚು ಸೂಕ್ಷ್ಮವಾದ ಮುದ್ರಣಗಳನ್ನು ಒಮ್ಮೆ ನೇರವಾಗಿಯೂ ಒಮ್ಮೆ ಸಿ.ಡಿ.ಯ ಮಟ್ಟಕ್ಕೆ ಇಳಿಸಿಯೂ ಕೇಳಿಸಲಾಯಿತು. ೫೫೪ ಪರೀಕ್ಷೆಗಳಲ್ಲಿ ಸರಿಯಾದ ಉತ್ತರಗಳು ೨೭೬, ಅಂದರೆ ಅರ್ಧದಷ್ಟು.

ಶಾಲೆಗೆ ಸಂಗೀತಶ್ರವಣದ ಸಾಧನವನ್ನು ಕೊಡಿಸಬಯಸುವ ದಾನಿಗೂ, ಅದನ್ನು ಕಾಪಾಡಬೇಕಾದ ಶಿಕ್ಷಕರಿಗೂ ಈ ವಿಚಾರವು ಪ್ರಯೋಜನಕಾರಿ. ಇರುವ ಯಂತ್ರವನ್ನು ಶುಚಿಗೊಳಿಸಿ, ದುರಸ್ತಿಮಾಡಿ, ಉಳಿದ ಹಣವನ್ನು ಒಳ್ಳೆಯ ಸ್ಪೀಕರುಗಳಿಗೂ ಒಳ್ಳೆಯ ಮುದ್ರಿಕೆಗಳಿಗೂ ವಿನಿಯೋಗಿಸುವುದು ವಿವೇಕದ ಮಾರ್ಗ. ಮೇಲೆ ಹೇಳಿದ ಪರೀಕ್ಷೆಯನ್ನು ವಿದ್ಯಾರ್ಥಿಗಳ ಎದುರಿನಲ್ಲಿಯೇ ನಡೆಸಿದರೆ ಧ್ವನಿಶಾಸ್ತ್ರ, ವಿದ್ಯುಚ್ಛಾಸ್ತ್ರ, ಸಂಭವಗಣಿತಗಳ ಪಾಠ ಒಂದೇ ಗಂಟೆಯಲ್ಲಿ ಆಗುತ್ತದೆ. ತನ್ನ ಕಿವಿಯನ್ನು ಕೂಡ ಪರೀಕ್ಷಿಸಿಯೇ ನಂಬಬೇಕೆಂಬ ಶಿಸ್ತು ಎಳೆಯ ಮನಸ್ಸುಗಳಲ್ಲಿ ನೆಲೆಗೊಂಡರೆ, ಆ ಹಳೆಯ ಯಂತ್ರಕ್ಕೆ ತೆತ್ತ ಬೆಲೆ ಸಾರ್ಥಕವಾಯಿತೆಂದೇ ಹೇಳಬೇಕು.