ಸೊನ್ನೆ ಬಂದರೂ ನಂಬುವಂತಿರಲಿ

ಕೆಜಿಎಫ್, ಬಂಗಾರಪೇಟೆಯ ಕಾಲೇಜು ಮಕ್ಕಳೇ, ಬಾಹ್ಯಾಕಾಶಕ್ಕೆ ಪ್ರಯೋಗ ಕಳಿಸುವುದು ಈಗ ನಿಮ್ಮ ಕೈಗೆ ಎಟುಕದ ಮಾತೇನಲ್ಲ. ಬೆಂಗಳೂರು, ಹೈದರಾಬಾದಿನ ವಿದ್ಯಾರ್ಥಿಗಳು ಕಟ್ಟಿದ, ಒಂದು ಕೆ.ಜಿ.ಯೂ ತೂಗದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದೇ ಕಕ್ಷೆ ಸೇರಿತು. ಈಗಂತೂ ಉಪಗ್ರಹವನ್ನೇ ಕಟ್ಟಬೇಕೆಂದಿಲ್ಲ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತ ತನ್ನ ಕೆಲಸ ಮುಗಿಸಿದ ಮೇಲೆ ಅದನ್ನೇ ಇಸ್ರೊ ಪ್ರಯೋಗಗಳಿಗೆ ಬಿಟ್ಟುಕೊಡುತ್ತದೆ. ಪೊಯೆಮ್ ಎಂದು ಅದರ ಹೆಸರು. 2024ರ ಡಿಸೆಂಬರ್ 30ರಂದು ಹೋದ ಪೊಯೆಮ್-4ರಲ್ಲಿ 24 ಪೇಲೋಡ್‌ಗಳಿದ್ದವು. ಅದರಲ್ಲೊಂದು ನಮ್ಮ ಹಳೇ ಕೋಲಾರ ಜಿಲ್ಲೆಯದೇ, ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ವಿದ್ಯಾಲಯದ ಹವ್ಯಾಸಿ ರೇಡಿಯೊ. ಇನ್ನೊಂದು ಬೆಂಗಳೂರಿನ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನದು. ಮನುಷ್ಯನ ಕರುಳಿನ ಒಂದು ಬ್ಯಾಕ್ಟೀರಿಯಾ ಬಾಹ್ಯಾಕಾಶದಲ್ಲಿ ಹೇಗೆ ಬೆಳೆಯುತ್ತದೆ? ಅಷ್ಟೇ ಅವರ ಪ್ರಶ್ನೆ. ಪ್ರಶ್ನೆ ಅಷ್ಟು ಚಿಕ್ಕದಿದ್ದರೇನೇ ಉತ್ತರ ಸಿಗುವುದು.

ಗಣಿ ಮುಚ್ಚಿದ ಊರಿನವರು ನಾವು ಎಂಬ ಸಂಕೋಚ ನಿಮಗೆ ಬೇಡವೇ ಬೇಡ. ಇಂಥ ಕೆಲಸದ ಪಾಠ ನಿಮ್ಮ ಕಾಲಡಿಯಲ್ಲೇ ಇದೆ. 1960ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮತ್ತು ಜೊತೆಗಾರರು ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯೊಳಗೆ ಉಪಕರಣ ಇಳಿಸಿ, ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಎಣಿಸುತ್ತಿದ್ದರು. ಆಳಕ್ಕೆ ಹೋದಂತೆ ಎಣಿಕೆ ಇಳಿಯಿತು. ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೂ ಸಿಗಲಿಲ್ಲ. ಅವರು ಆ ಸೊನ್ನೆಯನ್ನು ಪಕ್ಕಕ್ಕೆ ಎಸೆಯಲಿಲ್ಲ. ಅಷ್ಟು ಆಳದಲ್ಲಿ ಮ್ಯೂಆನ್‌ಗಳ ಗದ್ದಲವೇ ಇಲ್ಲವೆಂದರೆ ನ್ಯೂಟ್ರಿನೊ ಎಂಬ ಕಣ ಹುಡುಕಲು ಅದಕ್ಕಿಂತ ಒಳ್ಳೆ ಜಾಗ ಯಾವುದು? ಜಪಾನಿನ ಒಸಾಕಾ, ಬ್ರಿಟನ್ನಿನ ಡರಹಂನವರೂ ಕೂಡಿಕೊಂಡರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು 1965ರಲ್ಲಿ ಇಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ.

ಆ ಸೊನ್ನೆಗೆ ಬೆಲೆ ಬಂದದ್ದು ಉಪಕರಣ ಸರಿಯಿದೆ ಎಂಬ ಭರವಸೆ ಇದ್ದುದರಿಂದ. ಮೇಲಿನ ಮಟ್ಟಗಳಲ್ಲಿ ಅದು ಎಣಿಸಿ ತೋರಿಸಿತ್ತು. ನಿಮ್ಮ ಪ್ರಯೋಗದ ಡಬ್ಬಿ ಬಾಹ್ಯಾಕಾಶಕ್ಕೆ ಹೋಗಿ ಸುಮ್ಮನಾದರೆ, ಅದು ಪ್ರಕೃತಿಯ ಉತ್ತರವೋ, ಬೆಸುಗೆ ಬಿಟ್ಟದ್ದೋ? ಹೋಗಿ ಬಿಚ್ಚಿ ನೋಡಲು ಆಗುವುದಿಲ್ಲ. ಅದಕ್ಕೇ ಅದರ ತದ್ರೂಪು ಇನ್ನೊಂದನ್ನು ಲ್ಯಾಬಿನ ಮೇಜಿನ ಮೇಲೆ ಅದೇ ಹೊತ್ತಿಗೆ ಓಡಿಸಿ. ನಿಮಗೆ ಮೊದಲೇ ಗೊತ್ತಿರುವ ಒಂದು ಸಂಕೇತವನ್ನು, ಒಂದು ಪುಟ್ಟ ಎಲ್‌ಇಡಿಯ ಬೆಳಕಾದರೂ ಸರಿ, ಸೆನ್ಸರಿಗೆ ಆಗಾಗ ತೋರಿಸುವ ಏರ್ಪಾಡಿರಲಿ. ಪ್ರತಿ ಅಳತೆಯ ಪಕ್ಕದಲ್ಲಿ ಉಷ್ಣತೆಯೂ ದಾಖಲಾಗಲಿ. ಮೇಜಿನ ಮೇಲೆ ತಣ್ಣಗಿರುವ ಚಿಪ್ ನಿರ್ವಾತದಲ್ಲಿ ಕಾದುಹೋಗಬಹುದು. ಶಾಖ ಒಯ್ಯಲು ಅಲ್ಲಿ ಗಾಳಿಯೇ ಇಲ್ಲವಲ್ಲ. ಚೆನ್ನಾಗಿ ಕಾಣಲಿ ಎಂದು ಇನ್ನೆರಡು ಸೆನ್ಸರ್ ತುರುಕುವ ಆಸೆ ಬರುತ್ತದೆ. ಬೇಡ. ಆ ಜಾಗ, ಆ ವಿದ್ಯುತ್ತು ಈ ಪರೀಕ್ಷೆಗಳಿಗೆ ಬೇಕು.

ಈ ವಾರ ನೋಟ್‌ಬುಕ್ಕಿನಲ್ಲಿ ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಲ್ಲಿ ಬರೆಯಿರಿ. ಸೊನ್ನೆ ಬಂದರೆ ಏನರ್ಥ ಎಂಬುದನ್ನು ಅದರ ಕೆಳಗೆ ಬರೆಯಿರಿ. ಎರಡನೆಯದು ಹೊಳೆಯದಿದ್ದರೆ ಸೋಲ್ಡರಿಂಗ್ ಕಡ್ಡಿ ಕೈಗೆತ್ತಿಕೊಳ್ಳಬೇಡಿ. ಮೇಷ್ಟರ ಹತ್ತಿರ ಹೋಗಿ ಕೂತು ಮಾತಾಡಿ.